ಬಾಗಿಲ ಬಲಕ್ಕೊಂದು ಮೊಳೆ

ಪುಟದ ಎಡಗಡೆ ಒಂದು ಫೋಟೋ ಬಂದರೆ ಬಲಗಡೆ ಅದಕ್ಕೆ ಸಮನಾದದ್ದು ಏನಾದರೂ ಬರಬೇಕು. ಇಲ್ಲದಿದ್ದರೆ ಪುಟ ವಾಲುತ್ತದೆ. ಪತ್ರಿಕೆಯಲ್ಲಿ ಪುಟ ಕಟ್ಟುತ್ತ ಕಲಿತ ಈ ಪಾಠವನ್ನು ನಾನು ಕಚೇರಿಯಲ್ಲೇ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ನಮ್ಮ ಸೋಫಾದ ಎರಡು ತುದಿಗೂ ಒಂದೇ ಬಣ್ಣದ ದಿಂಬು, ಟಿ.ವಿ.ಯ ಎರಡು ಬದಿಗೂ ಒಂದೇ ಎತ್ತರದ ಹೂಕುಂಡ. ಒಮ್ಮೆ ಕಾರ್ಕಳದ ಭಾವ ಬಂದವರು ಒಂದು ದಿಂಬನ್ನೆತ್ತಿ ಬೆನ್ನಿಗಿಟ್ಟುಕೊಂಡರು. ಅವರು ಎದ್ದು ಹೊರಡುವ ತನಕ ನಾನು ಸೋಫಾದ ಆ ಖಾಲಿ ತುದಿಯನ್ನೇ ನೋಡುತ್ತ ಕುಳಿತೆ. ‘ಅವನಿಗೆ ನನ್ನ ಮೇಲೆ ಎಂತದೋ ಬೇಸರ ಉಂಟು’ ಎಂದು ಅವರು ಈಗಲೂ ಹೇಳುತ್ತಿರುತ್ತಾರಂತೆ.

ಈಚೆಗೆ ಬನ್ನಂಜೆಯ ನಮ್ಮ ಮನೆಗೆ ಪೈಂಟ್ ಮಾಡಿಸಿದೆವು. ಆಮೇಲೆ ದೇವರಕೋಣೆಯ ಬಾಗಿಲ ಎಡಕ್ಕೆ ಅಪ್ಪನ ಫೋಟೋ ಮತ್ತೆ ಏರಿತು. ಅದಕ್ಕೆ ಗಂಧದ ಮಾಲೆ, ಮೇಲೊಂದು ಸಣ್ಣ ಬಲ್ಬು. ಬಾಗಿಲ ಬಲಕ್ಕೆ ಏನೂ ಇಲ್ಲ. ಟೇಪು ಹಿಡಿದು ಅಳೆದು, ಅಪ್ಪನ ಮೊಳೆಯ ಮಟ್ಟಕ್ಕೇ ಅಲ್ಲಿ ಇನ್ನೊಂದು ಮೊಳೆ ಹೊಡೆದೆ. ಏನು ತೂಗುಹಾಕುವುದೆಂದು ಆಮೇಲೆ ಯೋಚಿಸಿದರಾಯಿತು. ಮೊದಲು ಜಾಗ ಬಿಟ್ಟು ಆಮೇಲೆ ಸುದ್ದಿಗೆ ಕಾಯುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ.

ಅಮ್ಮ ಎದುರಿಗೆ ಕುಳಿತು ಅಲಸಂಡೆ ಮುರಿಯುತ್ತಿದ್ದರು.

“ಆ ಮೊಳೆ ಯಾರಿಗೆ ಮಗ?”

“ಯಾರಿಗೂ ಅಲ್ಲ ಅಮ್ಮ. ಬ್ಯಾಲೆನ್ಸಿಗೆ.”

“ಅಪ್ಪನಿಗೆ ಬ್ಯಾಲೆನ್ಸ್ ಆಗ್ಲಿಕ್ಕೆ ಈ ಮನೆಯಲ್ಲಿ ಇರುವುದು ನಾನೊಬ್ಬಳೇ ಅಲ್ವಾ ಮಾರಾಯ?” ಎಂದವರು ತಲೆ ಎತ್ತದೆಯೇ ಕೇಳಿದರು, “ನನ್ನ ಬಲ್ಬಿಗೂ ವಯರು ಎಳೆದಾಯಿತಾ?”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹೆಂಡತಿ ಹೊರಗೆ ಬಂದು ಮೊಳೆಯನ್ನೂ ನನ್ನನ್ನೂ ನೋಡಿ, ತಗ್ಗಿದ ದನಿಯಲ್ಲಿ, “ಅತ್ತೆಯದ್ದು ಮಣಿಪಾಲದ ರಿಪೋರ್ಟು ನಾಳೆ ಬರ್ಲಿಕ್ಕುಂಟು. ನಿಮಗೆ ಮೊಳೆ ಹೊಡೆಯಲಿಕ್ಕೆ ಇವತ್ತೇ ಆಗಬೇಕಿತ್ತಾ?” ಎಂದಳು.

ಯಾರಾದರೂ ದೊಡ್ಡವರು ಆಸ್ಪತ್ರೆ ಸೇರಿದರೆ ಪುಟದಲ್ಲಿ ಅವರ ಫೋಟೋಗೆ ಜಾಗ ಕಾದಿರಿಸುವವನು ನಾನು. ಅದು ಅಮ್ಮನಿಗೂ ಗೊತ್ತು. ಮೊಳೆ ಕೀಳಲು ಕುರ್ಚಿ ಹತ್ತಿದೆ.

“ಬೇಡ, ಹೊಸ ಪೈಂಟ್ ಎದ್ದು ಬರ್ತದೆ,” ಎಂದರು ಅಮ್ಮ. ಆ ದಿನ ಊಟಕ್ಕೆ ಬರಲಿಲ್ಲ. ಹಸಿವಿಲ್ಲವಂತೆ. ನನಗಂತೂ ಗೋಡೆಯ ಕಡೆ ಕಣ್ಣೆತ್ತಲು ಧೈರ್ಯವಾಗಲಿಲ್ಲ.

ಮರುದಿನ ಮಣಿಪಾಲದಲ್ಲಿ ಡಾಕ್ಟರು ಹೆದರುವಂಥದ್ದು ಏನೂ ಇಲ್ಲವೆಂದರು. ಮನೆಗೆ ಬಂದವರೇ ಅಮ್ಮ ಚಪ್ಪಲಿ ಬಿಟ್ಟು, ನೇರ ಹೋಗಿ ತಮ್ಮ ಕೊಡೆಯನ್ನು ಆ ಮೊಳೆಗೆ ಸಿಕ್ಕಿಸಿದರು.

“ಜಾಗ ನನ್ನದೇ. ಸದ್ಯಕ್ಕೆ ಕೊಡೆ ಇರಲಿ,” ಎಂದು ಅಪ್ಪನ ಫೋಟೋದ ಕಡೆ ನೋಡಿದರು. ಮತ್ತೆ ಹೆಂಡತಿಯನ್ನು ಕರೆದು ಊಟಕ್ಕೆ ಎಂತ ಉಂಟೆಂದು ಕೇಳಿದರು.

ಈಗ ಬಾಗಿಲ ಎಡಕ್ಕೆ ಅಪ್ಪ, ಬಲಕ್ಕೆ ಕಪ್ಪು ಕೊಡೆ. ಇಂಥ ಪುಟವನ್ನು ನಾನು ಎಂದೂ ಅಚ್ಚಿಗೆ ಬಿಟ್ಟವನಲ್ಲ. ಅಮ್ಮ ಕಾಪುವಿನ ಚಿಕ್ಕಮ್ಮನ ಮನೆಗೆ ಹೋದರೆ ಕೊಡೆಯೂ ಹೋಗುತ್ತದೆ; ಅವರು ಬರುವ ತನಕ ನಾನು ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತೇನೆ. ಬಂದ ಮೇಲೆ ಅದನ್ನು ಮತ್ತೆ ಅಲ್ಲೇ ಸಿಕ್ಕಿಸುತ್ತಾರೆ, ಸೊಟ್ಟಗೆ. ಸೊಟ್ಟಗೇ ಇರಲಿ ಎಂದು ನಾನೂ ಸುಮ್ಮನಿರುತ್ತೇನೆ, ಅಮ್ಮ ಒಳಗೆ ಹೋಗುವ ತನಕ.