ಮಾವನವರ ಗೋಲು, ನೂಲಿನ ನಂಬರು

ಎರಡನ್ನು ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಎಂದು ಹೇಳುವ ಕೆಲಸವನ್ನು ಗ್ರಹಚಾರ ಕೆಟ್ಟವನು ಮಾತ್ರ ಒಪ್ಪಿಕೊಳ್ಳುತ್ತಾನೆ. ಅಮ್ಮನ ಸಾರು ರುಚಿಯೋ ಹೆಂಡತಿಯ ಸಾರು ರುಚಿಯೋ ಎಂಬ ಪ್ರಶ್ನೆ ಬಂದಾಗ, ಮದುವೆಯಾದ ಹೊಸದರಲ್ಲೇ, ನಾಲಿಗೆ ಸುಟ್ಟಿದೆ ಎಂದು ಹೇಳಿ ಪಾರಾದ ಜಾಣ ನಾನು. ಅಂಥವನು ಹಾಕಿ ಆಟದ ವಿಷಯಕ್ಕೆ ಯಾಕೆ ಬಾಯಿ ಹಾಕಿದೆನೋ! ನನಗೆ ಹಾಕಿ ಆಡಲು ಬರುವುದಿಲ್ಲ. ಆದರೆ ಹೋಲಿಸುವುದೇ ನನ್ನ ಹೊಟ್ಟೆಪಾಡು. ತಮಿಳು ಸೀಮೆಯ ಪೀಳಮೇಡಿನ ಒಂದು ಮಿಲ್ಲಿನಲ್ಲಿ ನೂಲು ಪರೀಕ್ಷೆ ಮಾಡುವ ಕೋಣೆಯಲ್ಲಿ ನನಗೆ ಕೆಲಸ. ನೂಲಿನ ಲಡಿಯನ್ನು ಕೊಕ್ಕೆಗೆ ಸಿಕ್ಕಿಸಿ, ಎಷ್ಟು ಭಾರಕ್ಕೆ ಹರಿಯುತ್ತದೆ ಎಂದು ನೋಡುವುದು. ದಪ್ಪ ನೂಲು ಹೆಚ್ಚು ಭಾರ ತಡೆಯುತ್ತದೆ, ಸಣ್ಣ ನೂಲು ಬೇಗ ಹರಿಯುತ್ತದೆ; ಅಷ್ಟಕ್ಕೇ ಸಣ್ಣದು ಕಳಪೆ ಎನ್ನುವಂತಿಲ್ಲ. ನೂಲು ಸಣ್ಣದಾದಷ್ಟೂ ಅದರ ನಂಬರು ದೊಡ್ಡದು. ಹರಿದ ಭಾರವನ್ನು ನಂಬರಿನಿಂದ ಗುಣಿಸಿದರೆ ಎರಡಕ್ಕೂ ನ್ಯಾಯ ಸಿಗುತ್ತದೆ. ಈ ಒಂದು ಗುಣಾಕಾರದಿಂದ ನನ್ನ ಸಂಸಾರ ನಡೆಯುತ್ತಿತ್ತು. ಅದೇ ಗುಣಾಕಾರ ಸಂಸಾರವನ್ನು ಮುಳುಗಿಸಲೂ ಹೊರಟಿತು.

ನಮ್ಮ ಮನೆಯಲ್ಲಿ ಇಬ್ಬರು ಸೆಂಟರ್ ಫಾರ್ವರ್ಡುಗಳು. ಒಬ್ಬರು ನನ್ನ ಮಾವ ಚೆನ್ನಪ್ಪನವರು. ಅವಿನಾಶಿಯಲ್ಲಿ ಗುಂಡಿಮಗ್ಗದಲ್ಲಿ ಕೂತು ಕೂತು ಮೊಣಕಾಲು ಸೋತ ಮೇಲೆ ನಮ್ಮಲ್ಲಿಗೆ ಬಂದವರು. ಪ್ರಾಯದಲ್ಲಿ ನೇಕಾರರ ಟೀಮಿಗೆ ಆಡಿದ್ದರಂತೆ. ಇನ್ನೊಬ್ಬ ನನ್ನ ಅಕ್ಕನ ಮಗ ನಂಜ. ನಮ್ಮ ಮಿಲ್ಲಿನಲ್ಲೇ ಕೆಲಸ, ಮಿಲ್ಲಿನ ಟೀಮಿಗೇ ಆಟ. ರಾತ್ರಿ ಎಲೆ ಹಾಕಿದ ಕೂಡಲೇ ಇಬ್ಬರಿಗೂ ಶುರು.

"ನಮ್ಮ ಕಾಲ್ದಲ್ಲಿ ಕಾಲಿಗೆ ಬೂಟಿಲ್ಲೆ, ಅಂಗಡೀಲಿ ವಾಂಗಿದ ಸ್ಟಿಕ್ಕಿಲ್ಲೆ. ಹುಣಸೆ ಕೊಂಬೆ ಬೆಂಕೀಲಿ ಬಾಗ್ಸಿ ಆಡಿದ್ದು ಕಣಪ್ಪಾ," ಎಂದು ಮಾವ.

"ಅದೇ ಕೊಂಬೆ ಎದುರು ಟೀಮಿನೋರ ಕೈಲೂ ಇತ್ತಲ್ಲ ತಾತಾ," ಎಂದು ನಂಜ.

ಇವರಿಬ್ಬರ ನಡುವೆ ಕೂತು ನಾನು ಮಜ್ಜಿಗೆ ಕಲಸುತ್ತಿದ್ದೆ. ಸುಮ್ಮನೆ ಕಲಸಿಕೊಂಡೇ ಇದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಮಿಲ್ಲಿನ ಹಿಂದೆ ಮುಳ್ಳುಗಿಡ ಕಡಿದು ಹೊಸ ಮೈದಾನ ಮಾಡಿದರು. ಪೊಂಗಲ್ ಹಬ್ಬಕ್ಕೆ ಅದರ ಪ್ರಾರಂಭ. ನಮ್ಮ ಕಡೆ ಹುಟ್ಟಿದ ಅತ್ಯುತ್ತಮ ಫಾರ್ವರ್ಡು ಮೊದಲ ಏಟು ಹೊಡೆದು ಗೋಲು ಹಾಕಬೇಕೆಂದು ಮ್ಯಾನೇಜರು ತೀರ್ಮಾನಿಸಿದರು. "ಹಳೆಯವರೂ ಹೊಸಬನೂ ನಿಮ್ಮ ಮನೆಯಲ್ಲೇ ಇದ್ದಾರಲ್ಲ, ನೀವೇ ಆರಿಸಿ ಹೇಳಿ" ಎಂದು ತಮಿಳಿನಲ್ಲಿ ಹೇಳಿ, ನಗುತ್ತಾ ಹೋದರು. ಅವರಿಗೇನು, ಅವರ ಮನೆಯಲ್ಲಿ ಅವತ್ತೂ ಊಟ ಸಿಕ್ಕಿತು.

ಸುದ್ದಿ ಕೇಳಿದ್ದೇ ಮಾವ ಅಟ್ಟದಿಂದ ಹಳೆಯ ಕೋಲು ಇಳಿಸಿ ಎಣ್ಣೆ ಹಚ್ಚತೊಡಗಿದರು. ಒಂದು ಸಂಜೆ ತಿಣ್ಣೆಯ ಮೇಲೆ ನಾನೊಬ್ಬನೇ ಇದ್ದಾಗ ಹತ್ತಿರ ಬಂದು ಕೂತು, ಅಳಿಯನೆಂಬ ಸಲಿಗೆಯಿಂದ, "ಮಾಪ್ಳೆ, ಒಂದು ಸಂಗತಿ. ನಾ ಆಡಿದ್ದು ಕಂಡೋರು ಈಗ ಒಬ್ಬರೂ ಇಲ್ಲೆ. ಪೋದನೂರು ರೈಲಿನೋರ ಟೀಮಿಗೆ ಗೋಲು ಕಾಯೋ ಗೋಲಿ ಒಬ್ಬ ಇದ್ದ, ಬಾಗಿಲಗಲ ಆಳು. ಅವನಿದ್ದಿದ್ರೆ ಹೇಳೋನು. ಅವನೂ ಹೋಗ್ಬಿಟ್ಟ. ನಾ ಬಾಯಿ ಬಿಟ್ರೆ ಮುದಿ ಕೆಳವ ಬುರುಡೆ ಬಿಡ್ತಾನೆ ಅಂತಾರೆ. ಒಂದೇ ಒಂದು ಏಟು ಜನದ ಮುಂದೆ ಹೊಡ್ದುಬಿಟ್ರೆ ಸಾಕು," ಎಂದರು. ಆಗಲೇ 'ನೀವೇ ಹೊಡೀರಿ ಮಾವ' ಎಂದು ಬಿಟ್ಟಿದ್ದರೆ ಮುಗಿದಿತ್ತು. ಆದರೆ ನಾನು ಪರೀಕ್ಷೆ ಕೋಣೆಯವನು. ಪರೀಕ್ಷೆ ಮಾಡದೆ ಚೀಟಿ ಅಂಟಿಸಿ ಅಭ್ಯಾಸವಿಲ್ಲ.

ಆ ದಿನಗಳಲ್ಲಿ ಬೆಟ್ಟದ ನೀರಿನಿಂದ ತೆಗೆದ ಕರೆಂಟು ಬಂದು, ಮಿಲ್ಲಿಗೆ ಮೋಟರು ಕೂರಿಸಲು ಕೆನಡಾ ದೇಶದ ಒಬ್ಬ ಬಿಳಿಯ ಇಂಜಿನಿಯರ್ ದೊರೆ ಬಂದಿದ್ದ. ಅವನ ಊರಿನಲ್ಲಿ ಹಾಕಿ ಆಡುವುದು ಹೆಪ್ಪುಗಟ್ಟಿದ ಕೆರೆಯ ಮೇಲಂತೆ, ಚೆಂಡಿಗೆ ಬದಲು ಚಪ್ಪಟೆ ಬಿಲ್ಲೆಯಂತೆ. ನಮಗೆ ಐಸ್ ಎಂದರೆ ಮರದ ಹೊಟ್ಟಿನಲ್ಲಿ ಸುತ್ತಿ ಗಾಡಿಯಲ್ಲಿ ಬರುವ ಗಟ್ಟಿ. ಅದರ ಮೇಲೆ ಮನುಷ್ಯರು ಓಡುತ್ತಾರೆಂದರೆ ನಂಬುವುದು ಹೇಗೆ? ಮಾವನಿಗೆ ಹೇಳಿದಾಗ, "ಕರಗಿ ಹೋದ್ರೆ ಆಟ ಯಾರು ಗೆದ್ದಂಗೆ?" ಎಂದು ಕೇಳಿದರು. ಹಳಬರು ಹೆಚ್ಚೋ ಹೊಸಬರು ಹೆಚ್ಚೋ ಎಂದು ಆ ದೊರೆಗೂ ಅವನ ಅಪ್ಪನಿಗೂ ನಮ್ಮ ಮನೆಯಂಥದೇ ಜಗಳವಂತೆ. ಮೊದಲು ಅಲ್ಲಿ ಬಿಲ್ಲೆಯನ್ನು ಮುಂದಿದ್ದವನಿಗೆ ದಾಟಿಸುವ ಹಾಗಿರಲಿಲ್ಲ, ಈಗ ದಾಟಿಸಬಹುದು. ಹಾಗಾಗಿ ಈಗಿನ ಫಾರ್ವರ್ಡುಗಳ ಗೋಲು ರಾಶಿ ರಾಶಿ. "ಗೋಲು ಎಣಿಸಬೇಡ. ಒಬ್ಬೊಬ್ಬನ ಒಳ್ಳೆಯ ವರ್ಷ ಒಂದನ್ನೇ ತೆಗೆದುಕೋ. ಆ ವರ್ಷ ಗೋಲು ಹಾಕುವುದು ಎಷ್ಟು ಕಷ್ಟವಿತ್ತು ನೋಡು," ಎಂದು ಅವನು ಉಪಾಯ ಹೇಳಿಕೊಟ್ಟ. ನನ್ನ ತಲೆಯಲ್ಲಿ ದೀಪ ಹತ್ತಿತು. ಇದು ನಮ್ಮ ನೂಲಿನ ಗುಣಾಕಾರವೇ ಅಲ್ಲವೇ! ಗೋಲು ಎಂದರೆ ಭಾರ, ಕಷ್ಟ ಎಂದರೆ ನಂಬರು.

ಭಾನುವಾರ ಇದ್ದಲು ಹಿಡಿದು ಗೋಡೆಯ ಮುಂದೆ ನಿಂತೆ. ಹಬ್ಬಕ್ಕೆಂದು ಹೊಸದಾಗಿ ಸುಣ್ಣ ಬಳಿದ ಗೋಡೆ. ಹೆಂಡತಿ ಸೌಡಮ್ಮ ಅಡಿಗೆಮನೆಯಿಂದ, "ಏನುಂಗೋ, ಏನದು ಗೋಡೆ ಮೇಲೆ?" ಎಂದಳು. "ನಿಮ್ಮಪ್ಪನ ಗೋಲು" ಎಂದೆ. ಅಪ್ಪನ ಹೆಸರು ಬಂದದ್ದೇ ಸುಣ್ಣದ ಗೋಡೆಯ ಚಿಂತೆ ಬಿಟ್ಟಳು. ಬರಿಗಾಲು ಎಂದು ಮಾವನ ನಂಬರು ಏರಿಸಿದೆ. ಹುಣಸೆ ಕೊಂಬೆ ಎಂದು ಇನ್ನಷ್ಟು ಏರಿಸಿದೆ. ಕಲ್ಲುನೆಲ, ಮತ್ತೂ ಏರಿಸಿದೆ. ಮಾವ ಹಿಂದೆ ನಿಂತು "ಆಮಾ, ಆಮಾ" ಎಂದು ಒಪ್ಪಿ ತಲೆಯಾಡಿಸುತ್ತಿದ್ದರು. ನಂಜನ ಮುಖ ಇಳಿಯುತ್ತಿತ್ತು. ಕೊನೆಗೆ ಗೋಲಿಯ ಲೆಕ್ಕ ಬಂತು. ಹಳೆಯ ಕಾಲದಲ್ಲಿ ಓಡಲಾರದವನನ್ನು ಗೋಲಿಗೆ ನಿಲ್ಲಿಸುತ್ತಿದ್ದರು, ಒಬ್ಬನಂತೂ ಕಡಲೆಕಾಯಿ ತಿನ್ನುತ್ತಾ ನಿಲ್ಲುತ್ತಿದ್ದ ಎಂದು ಮಾವನೇ ಎಷ್ಟೋ ಸಲ ಹೇಳಿ ನಗಿಸಿದ್ದರು. ಧರ್ಮ ಧರ್ಮವೇ. ನಂಬರು ಇಳಿಸಿದೆ. ಗುಣಿಸಿ ನೋಡಿದರೆ ಮಾವ ನಂಜನಿಗಿಂತ ಒಂದು ಎಳೆ ಕೆಳಗೆ ನಿಂತರು.

ಮಾವ ಗೋಡೆಯ ಹತ್ತಿರ ಬಂದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಕಡಲೆಕಾಯಿ ತಿಂದೋನು ಒಬ್ಬ, ಮಾಪ್ಳೆ. ರೈಲಿನೋರ ಗೋಲಿ ಏನು ಮಾಡಿದ್ದ ನಿಮಗೆ? ನೂಲಿಗೆ ಮಾನ ಇಲ್ಲೆ, ಕೊಕ್ಕೆಗೆ ಹಾಕಿ ಎಳೀಬೋದು. ನಾ ನೂಲಲ್ಲ," ಎಂದರು. ಮರುದಿನ ಬೆಳಗ್ಗೆ ಬಸ್ಸು ಹತ್ತಿ ಅವಿನಾಶಿಯ ದೊಡ್ಡ ಮಗಳ ಮನೆಗೆ ಹೊರಟುಹೋದರು. ಎಣ್ಣೆ ಹಚ್ಚಿದ ಕೋಲು ಮೂಲೆಯಲ್ಲಿ ಉಳಿಯಿತು. ಸೌಡಮ್ಮ ನನ್ನೊಡನೆ ಮಾತು ಬಿಟ್ಟಳು. ಗೋಡೆಗೆ ಮತ್ತೆ ಸುಣ್ಣ ಬಳಿದಳು, ನನ್ನ ಎಲೆಗೆ ಬರೀ ಮಜ್ಜಿಗೆ ಅನ್ನ ಬಡಿಸಿದಳು. ತೀರ್ಪುಗಾರನಿಗೆ ಇದೇ ಸಂಭಾವನೆ.

ಹಬ್ಬದ ಹಿಂದಿನ ದಿನ ನಂಜ ಯಾರಿಗೂ ಹೇಳದೆ ಅವಿನಾಶಿಗೆ ಹೋಗಿ ಮಾವನನ್ನು ಕರೆದುಕೊಂಡು ಬಂದ. "ತಾತಾ, ಮೊದಲ ಏಟು ನೀ ಹೊಡಿ, ಮಿಕ್ಕ ಆಟ ನಾ ಆಡ್ಕೊತೀನಿ. ಮಾಮನ ಲೆಕ್ಕ ಬಿಡು, ಅವರು ಒಂದಿನಾನಾದ್ರೂ ಸ್ಟಿಕ್ಕು ಹಿಡಿದವರಾ?" ಎಂದನಂತೆ. ಇಷ್ಟು ಸುಲಭದ ದಾರಿ ನನಗೆ ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಮೈದಾನದ ತುಂಬ ಜನ. ಮಾವ ವೇಷ್ಟಿ ಎತ್ತಿ ಕಟ್ಟಿ, ಹುಣಸೆ ಕೋಲು ಹಿಡಿದು, ಬರಿಗಾಲಲ್ಲಿ ನಿಂತರು. ಗೋಲಿ ಇಲ್ಲದ ಗೋಲು ಚೆನ್ನಾಗಿ ಕಾಣುವುದಿಲ್ಲ ಎಂದು ಮ್ಯಾನೇಜರಿಗೆ ಅನ್ನಿಸಿತು. ಟೀಮಿನ ಗೋಲಿ ಇನ್ನೂ ಪ್ಯಾಡು ಕಟ್ಟಿಕೊಳ್ಳುತ್ತಿದ್ದ. ಹತ್ತಿರ ನಿಂತಿದ್ದ ನನ್ನ ಕೈಗೆ ಒಂದು ಸ್ಟಿಕ್ಕು ಕೊಟ್ಟು ನಿಲ್ಲಿಸಿದರು. ಮಾವನ ಕಣ್ಣೂ ನನ್ನ ಕಣ್ಣೂ ಕೂಡಿದವು. ಅವರು ನಗಲಿಲ್ಲ. ಅಷ್ಟರಲ್ಲಿ ನನಗೂ ಛಲ ಬಂತು. ತಡೆದೇ ತಡೆಯುತ್ತೇನೆ ಎಂದು ಕಾಲೂರಿ ನಿಂತೆ. ಅವರ ಭುಜ ನನ್ನ ಬಲಕ್ಕೆ ತಿರುಗಿತು, ನಾನೂ ಬಲಕ್ಕೆ ಬಿದ್ದೆ. ಚೆಂಡು ನನ್ನ ಎಡಗಡೆಯಿಂದ ಯಾವಾಗ ಹೋಯಿತೋ, ಹಿಂದಿನ ಹಲಗೆ ಟಪ್ಪೆಂದಾಗಲೇ ಗೊತ್ತಾದದ್ದು. ಸೋತ ಮೊಣಕಾಲಿನ ಮುದುಕ ಅಷ್ಟು ಜನರೆದುರು ನನ್ನನ್ನು ಪೂರ್ತಿಯಾಗಿ ಏಮಾರಿಸಿದ್ದರು. ಬಿದ್ದಲ್ಲಿಂದಲೇ, ಅಬ್ಬಾ ಎಂದುಕೊಂಡೆ.

ರಾತ್ರಿ ಸೌಡಮ್ಮ ಸಕ್ಕರೆ ಪೊಂಗಲ್‌ಗೆ ತುಪ್ಪ ಹೊಯ್ದು, "ನಮ್ಮಪ್ಪಂಗೋಸ್ಕರ ಬೇಕೂಂತ ಬಿದ್ರಲ್ಲ, ನಿಮ್ಮ ಮನಸ್ಸು ಒಳ್ಳೇದುಂಗೋ," ಎಂದಳು. "ಇಲ್ಲ, ನಿಜವಾಗಿ ತಡೆಯೋಕೆ ಹೋದೆ" ಎಂದೆ. ಅವಳು ಇನ್ನೊಂದು ಚಮಚ ತುಪ್ಪ ಹಾಕಿದಳು. ನಂಜ, "ಮಾಮ, ನಿಮ್ಮ ಲೆಕ್ಕದಲ್ಲಿ ಗೋಲಿ ಸರಿಯಿಲ್ಲಾಂದ್ರೆ ನಂಬರು ಇಳೀತದಲ್ಲ. ಇವತ್ತಿನ ಗೋಲಿಗೆ ಸೊನ್ನೆಯಿಂದ ಗುಣಿಸ್ಬೇಕು," ಎಂದು ನಕ್ಕ. ನಾನು ಮಾವನ ಕಡೆ ತಿರುಗಿದೆ. "ಮಾವ, ಸತ್ಯವಾಗಿ ನಾನು ಬಿಟ್ಟುಕೊಡಲಿಲ್ಲ," ಎಂದೆ. "ನಂಗೊತ್ತು ಮಾಪ್ಳೆ," ಎಂದರು, "ನೀವು ಬಲಕ್ಕೆ ಬೀಳ್ತೀರಾಂತಲೇ ನಾ ನಿಮ್ಮ ಎಡಕ್ಕೆ ಹೊಡ್ದೆ. ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹೇಳೋಕೆ ನೀವಿದ್ದೀರಲ್ಲ."

ಇದ್ದೇನೆ. ಕಂಡಕಂಡವರಿಗೆ ಹೇಳುತ್ತಲೂ ಇದ್ದೇನೆ. ಎಲ್ಲರೂ ಕೇಳಿ, ತಲೆದೂಗಿ, ಎಂಥ ಒಳ್ಳೆಯ ಅಳಿಯ ಎಂದು ನನ್ನನ್ನೇ ಹೊಗಳಿ ಹೋಗುತ್ತಾರೆ.