ನನ್ನ ಎಡಗಾಲಿನ ಕೆಲಸ ಕಸಿದುಕೊಂಡವರಿಗೆ

ಇವರಿಗೆ:
ಶ್ರೀ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅವರು,
ಕಳೆದ ವಾರದ ವಿಳಾಸ: ನಮ್ಮ ಮನೆಯ ಅಂಗಳ, ಬಾಳೂರು, ಮೂಡಿಗೆರೆ ತಾಲ್ಲೂಕು.
ಈಗಿನ ವಿಳಾಸ: ಬಿಳಿ ಮೋಟರ್‌ಹೋಮಿನ ಹೊಟ್ಟೆಯೊಳಗೆ, ಕಂಪನಿಯ ಷೋರೂಮು, ಚಿಕ್ಕಮಗಳೂರು.

ವಿಷಯ: ಆರು ದಿನಗಳಲ್ಲಿ ತಾವು ನಮ್ಮ ಮನೆಗೆ ಮಾಡಿದ ಉಪಕಾರದ ಬಗ್ಗೆ ದೂರು.

ಮಾನ್ಯರೇ,

ತಮ್ಮ ಹಲ್ಲುಗಳು ಗಟ್ಟಿಯಾಗಿಯೂ, ಎಣ್ಣೆ ತಿಳಿಯಾಗಿಯೂ, ತಮಗೆ ಬುದ್ಧಿ ಹೇಳಿಕೊಡುವ ಆ ಪುಟ್ಟ ಕಂಪ್ಯೂಟರು ತಣ್ಣಗಾಗಿಯೂ ಇರಲೆಂದು ಮನಸಾರೆ ಹಾರೈಸಿ ಈ ಪತ್ರ ಬರೆಯಲು ಕೂತಿದ್ದೇನೆ. ನನ್ನ ಹೆಸರು ಷಡಕ್ಷರಿ. ಒಂದು ವಾರ ತಮ್ಮ ತಲೆಯ ಮೇಲೆಯೇ ಕೂತು ತಿರುಗಾಡಿದವನು ನಾನು. ತಾವು ನನ್ನನ್ನು ಗಮನಿಸಿರಲಾರಿರಿ, ಏಕೆಂದರೆ ನನ್ನಿಂದ ತಮಗೆ ಯಾವ ಕೆಲಸವೂ ಬೀಳಲಿಲ್ಲ. ನನ್ನ ದೂರಿನ ಮೂಲವೂ ಅದೇ.

ಹಿನ್ನೆಲೆ ಹೇಳಿಬಿಡುತ್ತೇನೆ. ಕಾಫಿ ಕೊಯ್ಲು ಮುಗಿದು, ಗಿಡಗಳಿಗೆ ಹೂ ಬಿಡಿಸುವ ಹೂಮಳೆ ಬರುವುದರೊಳಗೆ ನಮಗೆ ಒಂದಷ್ಟು ಬಿಡುವು ಸಿಗುತ್ತದೆ. ಈ ಸಲ ಆ ಬಿಡುವಿನಲ್ಲಿ ಕರಾವಳಿ ಹಿಡಿದು ಗೋಕರ್ಣದ ತನಕ, ಅಲ್ಲಿಂದ ಮನಸ್ಸು ಬಂದ ಕಡೆಗೆ ಹೋಗಬೇಕೆಂದು ನನ್ನ ಹೆಂಡತಿ ರಶ್ಮಿ ತೀರ್ಮಾನಿಸಿದಳು. ಹೋಟೆಲಿನ ಹಾಸಿಗೆ ಅವಳಿಗಾಗದು, ಹೋಟೆಲಿನ ಕಾಫಿ ನನಗಾಗದು. ಹೀಗಾಗಿ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ, ಊರಿನವರು ಕ್ಯಾರವಾನ್ ಎಂದೂ ಕಂಪನಿಯವರು ಮೋಟರ್‌ಹೋಮ್ ಎಂದೂ ಕರೆಯುವ ಗಾಲಿ ಮೇಲಿನ ಮನೆಯೊಂದನ್ನು ಕೊಳ್ಳುವುದೆಂದಾಯಿತು. ಬಣ್ಣ, ಪರದೆ, ಮಂಚದ ಅಗಲ, ಯಾವುದರಲ್ಲೂ ನಮ್ಮಲ್ಲಿ ಜಗಳವಿರಲಿಲ್ಲ. ಜಗಳ ಬಂದದ್ದು ಗೇರಿನ ಬಳಿ. ನಾನು ಕೈಯಿಂದ ಹಾಕುವ ಗೇರಿನದೇ ಆಗಬೇಕೆಂದೆ. ಅವಳು ತಾನೇ ಹಾಕಿಕೊಳ್ಳುವ ತಮ್ಮನ್ನೇ ಬಯಸಿದಳು. ಕಂಪನಿಯ ಲಿಖಿತ್ ಎಂಬ ಸಭ್ಯ ಹುಡುಗ, ಒಂದು ವಾರ ಆಟೋಮ್ಯಾಟಿಕ್ ಇಟ್ಟುಕೊಂಡು ನೋಡಿ, ಶನಿವಾರ ಬಂದು ಯಾವುದೆಂದು ಬರೆದುಕೊಳ್ಳುತ್ತೇನೆ ಎಂದು ತಮ್ಮನ್ನು ನಮ್ಮ ಅಂಗಳದಲ್ಲಿ ಬಿಟ್ಟುಹೋದ.

ತಮ್ಮ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇರಲಿಲ್ಲ. ಆದರೆ ನಮ್ಮ ಸೀಮೆಯ ರೀತಿನೀತಿ ತಮಗೆ ತಿಳಿದಿರಬೇಕು. ಇಲ್ಲಿ ಏರಿನ ನಡುವೆ ಹಾಫ್ ಕ್ಲಚ್ಚಿನಲ್ಲಿ ಜೀಪು ನಿಲ್ಲಿಸಿ, ಎದುರಿಗೆ ಬಂದ ಬಸ್ಸಿಗೆ ದಾರಿ ಕೊಟ್ಟು, ಒಂದು ಗೇಣೂ ಹಿಂದೆ ಜಾರದೆ ಹೊರಡುವವನಿಗೆ ಸಿಗುವ ಮರ್ಯಾದೆ ಪಂಚಾಯಿತಿ ಅಧ್ಯಕ್ಷರಿಗೂ ಸಿಗುವುದಿಲ್ಲ. ಆ ಮರ್ಯಾದೆಯನ್ನು ನಾನು ಮೂವತ್ತನಾಲ್ಕು ವರ್ಷ ಅನುಭವಿಸಿದ್ದೇನೆ. ರಶ್ಮಿಗೂ ಇಪ್ಪತ್ತು ವರ್ಷಗಳಿಂದ ಲೈಸೆನ್ಸ್ ಇದೆ. ಅವಳು ನಮ್ಮ ತೋಟದ ಜೀಪಿನ ಸ್ಟಿಯರಿಂಗ್ ಹಿಡಿದದ್ದು ಒಟ್ಟು ಏಳು ಸಲ. ಏಳು ಸಲವೂ ನಾನು ಎಡಗಡೆ ಕೂತು, ಗುರುವಿನ ಕರ್ತವ್ಯವೆಂದು ಬಗೆದು, ಕ್ಲಚ್, ಕ್ಲಚ್ ಎಂದು ಕೂಗಿದ್ದೇನೆ. ಏಳು ಸಲವೂ ಜೀಪು ರಸ್ತೆ ಮಧ್ಯೆ ಆಫ್ ಆಗಿದೆ. ಜೀಪು ಸರಿಯಿಲ್ಲ ಎಂದು ಅವಳು ಹೇಳಿದಾಗೆಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನೆನಪಿಸಿ, ಅವಳನ್ನು ಇಳಿಸಿ ನಾನೇ ಓಡಿಸಿಕೊಂಡು ಬಂದಿದ್ದೇನೆ. ಎಂಟನೆಯ ಸಲ ಅವಳು ಕೇಳಲಿಲ್ಲ.

ಇನ್ನೊಂದು ವಿಷಯವನ್ನು ತಮಗೆ ಮಾತ್ರ ಹೇಳುತ್ತೇನೆ. ಪತ್ರ ಬಹಿರಂಗವೆಂದು ಗೊತ್ತು, ಆದರೂ ಹೇಳುತ್ತೇನೆ. ಹೋದ ಮಳೆಗಾಲದಿಂದ ನನ್ನ ಎಡ ಮೊಣಕಾಲು ಮಾತು ಕೇಳುತ್ತಿಲ್ಲ. ಏರಿನಲ್ಲಿ ಕ್ಲಚ್ ಹಿಡಿದು ನಿಂತರೆ ತೊಡೆಯಿಂದ ಕೆಳಗೆ ನಡುಕ ಹತ್ತಿಕೊಳ್ಳುತ್ತದೆ. ಮೂಡಿಗೆರೆಯ ಡಾಕ್ಟರು ಎಕ್ಸ್-ರೇ ನೋಡಿ, ಗೇರಿನ ಗಾಡಿ ಕಡಿಮೆ ಮಾಡಿ ಅಂದರು. ನಾನು ಡಾಕ್ಟರನ್ನು ಬದಲಾಯಿಸಿದೆ. ಹೆಂಡತಿಗೆ ಹೇಳಲಿಲ್ಲ. ಹೇಳಿದ ದಿನ ನಾನು ಬಲಗಡೆಯ ಸೀಟಿನಿಂದ ಇಳಿಯಬೇಕಾಗುತ್ತದೆ, ಇಳಿದ ಮೇಲೆ ಈ ಊರಿನಲ್ಲಿ ನಾನು ಯಾರೂ ಅಲ್ಲ. ಆದ್ದರಿಂದಲೇ ಮಾನ್ಯರೇ, ತಾವು ಎಷ್ಟು ಸುಖ ಕೊಡುತ್ತೀರೋ ಅಷ್ಟೂ ತಮ್ಮನ್ನು ಬೇಡವೆನ್ನುವುದು ನನಗೆ ಅನಿವಾರ್ಯವಾಗಿತ್ತು.

ಸೋಮವಾರ ಮೂಡಿಗೆರೆಗೆ ಹೊರಟೆವು. ನಾನೇ ಓಡಿಸಿದೆ. ಬಸ್‌ ಸ್ಟ್ಯಾಂಡಿನ ಮುಂದೆ ನಿಧಾನ ಮಾಡಲು ಹೋದಾಗ ನನ್ನ ಎಡಗಾಲು, ಮೂವತ್ತನಾಲ್ಕು ವರ್ಷದ ನಿಷ್ಠೆಯಿಂದ, ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಅಲ್ಲಿದ್ದ ತಮ್ಮ ಅಗಲವಾದ ಬ್ರೇಕನ್ನು ಪೂರ್ತಿ ಬಲದಿಂದ ತುಳಿಯಿತು. ಗಾಡಿ ನಿಂತಲ್ಲೇ ನಿಂತಿತು. ಒಳಗಿನ ಕಪಾಟಿನಿಂದ ಕುಕ್ಕರು, ಎರಡು ತಟ್ಟೆ, ಉಪ್ಪಿನಕಾಯಿ ಡಬ್ಬಿ ಎಲ್ಲವೂ ನಡುವಿನ ದಾರಿಗೆ ಬಂದವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡಿದರು. ರಶ್ಮಿ ಉಪ್ಪಿನಕಾಯಿ ಒರೆಸಿದಳು. ಅದಕ್ಕಿಂತ ದೊಡ್ಡ ಅವಮಾನ ತಾವು ಸಂಜೆಗೆ ಇಟ್ಟುಕೊಂಡಿದ್ದಿರಿ. ಮನೆಗೆ ಬಂದು ಇಳಿದಾಗ ನನ್ನ ಮೊಣಕಾಲು ನೋಯುತ್ತಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ನಾನು ಬಾಗಿಲು ಹಿಡಿಯದೆ ಮೆಟ್ಟಿಲು ಹತ್ತಿದೆ, ತಮ್ಮ ಮೇಲೆ ಬಂದ ಸಿಟ್ಟನ್ನು ರಾತ್ರಿ ಊಟದ ತನಕ ಇಳಿಸಿಕೊಳ್ಳಲಾಗಲಿಲ್ಲ.

ಬುಧವಾರದ ವಿಷಯ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ನಮ್ಮಲ್ಲಿ ಎಸ್ಟೇಟ್ ಜೀಪನ್ನು ಸಪಾಟು ಜಾಗದಲ್ಲಿ ನಿಲ್ಲಿಸುವುದು ಅಪಶಕುನವಿದ್ದ ಹಾಗೆ. ಬ್ಯಾಟರಿ ಯಾವತ್ತು ಕೈಕೊಡುತ್ತದೋ ಹೇಳಲಾಗದ್ದರಿಂದ ಮೂತಿ ಇಳಿಜಾರಿಗೆ ಮಾಡಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತೇವೆ. ಬೆಳಿಗ್ಗೆ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ, ಇಳಿಯುವ ವೇಗದಲ್ಲಿ ಕ್ಲಚ್ ಬಿಟ್ಟರೆ ಎಂಥ ಮುದಿ ಜೀಪೂ ಕೆಮ್ಮಿ ಏಳುತ್ತದೆ. ತಮಗೂ ಅದೇ ಗೌರವ ಕೊಟ್ಟು ಕಾಫಿ ಕಣದ ಮೇಲಿನ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಗಾಡಿಯ ಕೀಲಿ ಆನ್ ಇಟ್ಟು ಹಾಡು ಕೇಳುತ್ತಾ ತಮ್ಮ ಮೆತ್ತನೆಯ ಮಂಚದಲ್ಲಿ ನಿದ್ದೆಹೋದೆ. ಎದ್ದಾಗ ಬ್ಯಾಟರಿ ಸತ್ತಿತ್ತು. ಅದಕ್ಕೇನಂತೆ ಎಂದು ಕೊಯ್ಲಿನ ಕೊನೆಯ ಕಾಫಿ ಹಣ್ಣು ಕೊಯ್ಯುತ್ತಿದ್ದ ಹನ್ನೊಂದು ಜನರನ್ನು ಕರೆಸಿ, ಕಲ್ಲು ತೆಗೆಸಿ, ತಳ್ಳಿಸಿದೆ. ಗಾಡಿ ಹೊರಟಿತು. ನಾನು ತಮ್ಮ ಹಿಡಿಯನ್ನು, ಮುಂದೆ ಓಡಿಸಲೆಂದು ಇರುವ ಡಿ ಎಂಬಲ್ಲಿಗೆ ಎಳೆದೆ. ಮತ್ತೆ ಎಳೆದೆ. ಇಂಜಿನ್ನು ಉಸಿರೆತ್ತಲಿಲ್ಲ, ಸ್ಟಿಯರಿಂಗ್ ಕಲ್ಲಾಯಿತು, ಬ್ರೇಕು ಮರವಾಯಿತು. ಗಾಡಿ ಮಾತ್ರ ಮಹಾರಾಜನ ಗತ್ತಿನಲ್ಲಿ ಕಣಕ್ಕಿಳಿದು, ಒಣಗಲು ಹರವಿದ್ದ ಕಾಫಿಯ ಮೇಲೆ ಎರಡು ಅಚ್ಚುಕಟ್ಟಾದ ಗೆರೆ ಎಳೆದು, ಮೂಟೆಗಳ ರಾಶಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾನು ಇಳಿದು, ಬ್ರೇಕ್ ಪರೀಕ್ಷೆ ಮಾಡಿದೆ ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಮೂಡಿಗೆರೆಯಿಂದ ಮೆಕ್ಯಾನಿಕ್ ಇಲಿಯಾಸ್ ಸತ್ತ ಬ್ಯಾಟರಿಗೆ ಜೀವ ಕೊಡುವ ವೈರು ತಗೊಂಡು ಬಂದ. ಅವರಪ್ಪನ ಕಾಲದಿಂದ ನಮ್ಮ ಜೀಪು ಅವರ ಗ್ಯಾರೇಜಿನ ಮನೆಮಗಳು. ಅವನು ಕಣದ ಮೇಲಿನ ಗೆರೆ ನೋಡಿದ, ನನ್ನನ್ನು ನೋಡಿದ, ಎಲ್ಲರೆದುರಿಗೆ ಮೆಲ್ಲಗೆ ಹೇಳಿದ: "ಷಡಕ್ಷರಣ್ಣ, ಇದನ್ನ ಇಲ್ಲಿಂದ ಕಳಸದ ತನಕ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ ಮಾರಾಯ್ರೆ. ಇದು ತಳ್ಳಿಸ್ಕೊಳ್ಳೋ ಜಾತಿ ಅಲ್ಲ." ಹನ್ನೊಂದು ಜನರೂ ಬೇರೆ ಕಡೆ ತಿರುಗಿ ನಕ್ಕರು. ಆ ಸಂಜೆ ರಶ್ಮಿ ತಮ್ಮ ಕೀಲಿಯನ್ನು ಮೊಳೆಯಿಂದ ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು. ನಾನು ನೋಡಿಯೂ ನೋಡದವನಂತೆ ಪೇಪರ್ ಓದಿದೆ.

ಗುರುವಾರ ಕಳಸಕ್ಕೆ ಅವಳೇ ಓಡಿಸಿದಳು. ನಾನು ಎಡಗಡೆ ಕೂತೆ. ಮಾನ್ಯರೇ, ತಮ್ಮ ಅಪರಾಧಗಳಲ್ಲೆಲ್ಲ ಇದೇ ದೊಡ್ಡದು. ಮೊದಲ ತಿರುವು ಬಂತು, ನಾನು ಬಾಯಿ ತೆರೆದೆ, ಕೂಗಲು ಕ್ಲಚ್ಚೇ ಇರಲಿಲ್ಲ. ಎರಡನೆಯ ತಿರುವಿಗೂ ಬಾಯಿ ತೆರೆದು ಮುಚ್ಚಿದೆ. ಹತ್ತನೆಯ ತಿರುವಿನ ಹೊತ್ತಿಗೆ ಬಾಯಿಗೂ ಅಭ್ಯಾಸವಾಯಿತು. ಯಾರೂ ಕೂಗದಿದ್ದರೆ ರಶ್ಮಿ ಎಷ್ಟು ನಿಧಾನವಾಗಿ, ಎಷ್ಟು ಮುಂದೆ ನೋಡಿಕೊಂಡು ಓಡಿಸುತ್ತಾಳೆಂಬುದು ನನಗೆ ಗೊತ್ತಿರಲಿಲ್ಲ, ಯಾರೂ ಕೂಗದ ಸಂದರ್ಭ ನಾನಿದ್ದಲ್ಲಿ ಬಂದಿರಲಿಲ್ಲವಲ್ಲ. ಒಂದು ಇಕ್ಕಟ್ಟಿನಲ್ಲಿ ಬಸ್ಸು ಎದುರಾಯಿತು. ಅವಳು ಕನ್ನಡಿ ನೋಡಿಕೊಂಡು ಇಷ್ಟು ದೊಡ್ಡ ಮನೆಯನ್ನು ಎಂಬತ್ತು ಅಡಿ ಹಿಂದಕ್ಕೆ ತಂದು, ಚರಂಡಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದಳು. ಬಸ್ಸಿನ ಡ್ರೈವರು ದಾಟುವಾಗ ಕೈ ಎತ್ತಿದರು. ಅಭ್ಯಾಸಬಲದಿಂದ ನಾನೂ ಕೈ ಎತ್ತಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ.

ಆದರೂ ನನಗೊಂದು ಸಮಾಧಾನವಿತ್ತು. ಇದು ಇವಳ ಸಾಮರ್ಥ್ಯವಲ್ಲ, ತಮ್ಮ ಪುಣ್ಯ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಆ ಸಮಾಧಾನವೂ ಹೋಯಿತು. ನಾನು ಕಣದಲ್ಲಿ ನಿಂತು ಕಾಫಿ ತಿರುವಿಸುತ್ತಿದ್ದಾಗ ಮೇಲೆ ಜೀಪು ಸ್ಟಾರ್ಟ್ ಆದ ಸದ್ದು ಕೇಳಿತು. ತಾವು ಅಂಗಳದಲ್ಲೇ ಇದ್ದಿರಿ. ಹೊರಟದ್ದು ಜೀಪು, ಒಳಗಿದ್ದವಳು ರಶ್ಮಿ ಒಬ್ಬಳೇ. ಅಕ್ಕಿ ಮುಗಿದಿದೆ, ಮೂಡಿಗೆರೆಗೆ ಹೋಗಿಬರುತ್ತೇನೆಂದು ತೋಟದ ಮೇಸ್ತ್ರಿಗೆ ಹೇಳಿಹೋಗಿದ್ದಳು, ನನಗಲ್ಲ. ನಾನು ಕೈಯಲ್ಲಿದ್ದ, ಕಾಫಿ ಎಳೆದು ಹರಡುವ ಹಲುಬೆಯನ್ನು ಊರಿಕೊಂಡು ಸದ್ದನ್ನೇ ಹಿಂಬಾಲಿಸಿದೆ. ಗೇಟಿನ ಬಳಿ ಒಂದನೇ ಗೇರು. ಮೋರಿ ದಾಟಿ ಎರಡನೆಯದು. ಮುಂದೆ ಕಡಿದಾದ ಏರು, ಏಳು ಸಲವೂ ಜೀಪು ಆಫ್ ಆದದ್ದು ಅಲ್ಲಿಯೇ. ಮತ್ತೆ ಒಂದನೇ ಗೇರು ಬಿತ್ತು, ಇಂಜಿನ್ನು ದಮ್ಮು ಕಟ್ಟಿ ಎಳೆಯಿತು, ಏರು ಮುಗಿಯಿತು, ಎರಡು, ಮೂರು, ಆಮೇಲೆ ತಿರುವಿನಾಚೆ ಸದ್ದು ಕೇಳಿಸದಾಯಿತು. ನೆಲ ಡೊಂಕಾಗಿರಲಿಲ್ಲ, ಜೀಪೂ ಡೊಂಕಾಗಿರಲಿಲ್ಲ. ಮಾನ್ಯರೇ, ನನಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು, ಆದರೆ ಅದು ಸ್ವಲ್ಪ ತಡವಾಗಿ, ಅಕ್ಕಿಮೂಟೆ ಇಳಿಸುವಾಗ ಆಯಿತು.

ಶನಿವಾರ ಲಿಖಿತ್ ಫಾರಂ ಹಿಡಿದು ಬಂದ. ನಾನು ಅಷ್ಟರಲ್ಲಿ ಒಂದು ಉಪಾಯ ಹೂಡಿದ್ದೆ. ರಶ್ಮಿ ತಮ್ಮನ್ನೇ ಕೇಳುತ್ತಾಳೆ, ನಾನು ಹೆಂಡತಿಯ ಮಾತಿಗೆ ಸೋತವನಂತೆ ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳುತ್ತೇನೆ, ಮೊಣಕಾಲಿಗೂ ಸುಖ, ಮರ್ಯಾದೆಗೂ ಸುಖ. ಲಿಖಿತ್ ಪೆನ್ನು ತೆಗೆದು, ಆಟೋಮ್ಯಾಟಿಕ್ಕೇ ಬರೆಯಲಾ ಮೇಡಂ ಎಂದ. ರಶ್ಮಿ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನಂಗೆ ಯಾವ್ದಾದ್ರೂ ಆಗ್ತದೆ ಕಣ್ರೀ. ನಿಮ್ಮ ಕಾಲಿಗೆ ಯಾವ್ದು ಆಗ್ತದೆ, ಅದು ಹೇಳಿ."

ಅವಳಿಗೆ ಮಳೆಗಾಲದಿಂದಲೇ ಗೊತ್ತಿತ್ತು. ಮೊದಲ ದಿನದಿಂದ ತಮ್ಮನ್ನು ಕೇಳುತ್ತಿದ್ದುದು ತನಗಾಗಿ ಅಲ್ಲ. ನಾನು ಫಾರಮ್ಮನ್ನು ನೋಡಿದೆ, ಲಿಖಿತನನ್ನು ನೋಡಿದೆ. ಆಮೇಲೆ, ಜೀವಮಾನದಲ್ಲಿ ಹೇಳಲಾರೆ ಅಂದುಕೊಂಡಿದ್ದ ಮಾತನ್ನು, ಪಕ್ಕದ ಮನೆಗೂ ಕೇಳುವಷ್ಟು ದೊಡ್ಡದಾಗಿ ಹೇಳಿಬಿಟ್ಟೆ: ಆಟೋಮ್ಯಾಟಿಕ್, ನನಗೆ ಕ್ಲಚ್ ತುಳಿಯಲಾಗುತ್ತಿಲ್ಲ. ಲಿಖಿತ್ ಬರೆದುಕೊಂಡ. ಆಕಾಶವೇನೂ ಕಳಚಿಬೀಳಲಿಲ್ಲ. ರಶ್ಮಿ ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದಳು.

ಆದಕಾರಣ, ಅಂದೇ ಲಿಖಿತನ ಜೊತೆ ಷೋರೂಮಿಗೆ ಮರಳಿದ ತಾವು ಮತ್ತೆ ನಮ್ಮಲ್ಲಿಗೆ ಬರುವುದು ಖಚಿತವಾಗಿದೆ. ಬರುವಾಗ ನನ್ನ ಕೆಲವು ವಿನಂತಿಗಳನ್ನು ಗಮನಿಸಬೇಕು. ತಮ್ಮ ಬ್ರೇಕಿನ ಎಡಕ್ಕೆ ಯಾವುದಕ್ಕೂ ಸೇರದ ಒಂದು ಪೆಡಲ್ಲನ್ನು ಇಟ್ಟುಕೊಂಡು ಬಂದರೆ ನನ್ನ ಎಡಗಾಲು ಅದರ ಮೇಲೆ ಪಿಂಚಣಿದಾರನಂತೆ ಕೂತಿರುತ್ತದೆ. ಏರಿನಲ್ಲಿ ಗೇರು ಬದಲಿಸುವ ಮೊದಲು ಶಿಷ್ಟಾಚಾರಕ್ಕಾದರೂ ನನ್ನನ್ನೊಮ್ಮೆ ಕೇಳಬೇಕು, ಉತ್ತರಕ್ಕೆ ಕಾಯುವ ಅಗತ್ಯವಿಲ್ಲ. ವರ್ಷಕ್ಕೊಂದು ದಿನ, ಇಲಿಯಾಸನ ಎದುರಿಗೆ, ಹನ್ನೊಂದು ಜನ ತಳ್ಳಿದಾಗ ದಯವಿಟ್ಟು ಸ್ಟಾರ್ಟ್ ಆಗಬೇಕು. ಇವು ಯಾವುವೂ ಸಾಧ್ಯವಾಗದಿದ್ದರೆ, ಗೋಕರ್ಣದ ತನಕ ಮೊಣಕಾಲು ನೋಯದಂತೆ ಕರೆದೊಯ್ದು ಕರೆತಂದರೆ ಸಾಕು. ದೂರು ವಾಪಸ್ ಪಡೆಯುವ ಬಗ್ಗೆ ಆಗ ಯೋಚಿಸಲಾಗುವುದು.

ಇಷ್ಟರ ಮೇಲೂ ತಮ್ಮ ಮೇಲೆ ಭರವಸೆ ಇಟ್ಟಿರುವ,
ತಮ್ಮ ವಿಶ್ವಾಸಿ,
ಷಡಕ್ಷರಿ
(ಎಡಗಡೆಯ ಸೀಟು)

ತಾ.ಕ.: ತಮಗೂ ಜೀಪಿಗೂ ಒಂದೇ ಶೆಡ್ಡಿನಲ್ಲಿ ವ್ಯವಸ್ಥೆಯಾಗಿದೆ. ಗೇರು ಹಾಕಲು ಬಾರದವರಿಗಾಗಿ ಹುಟ್ಟಿದವರು ಎಂದು ಜೀಪು ತಮ್ಮನ್ನು ಆಡಿಕೊಂಡರೆ ನೊಂದುಕೊಳ್ಳಬೇಡಿ, ನನ್ನ ಬಳಿ ದೂರನ್ನೂ ತರಬೇಡಿ. ನಮ್ಮ ಮನೆಯಲ್ಲಿ ತಮ್ಮಿಬ್ಬರನ್ನೂ ಓಡಿಸಬಲ್ಲವರು ಒಬ್ಬರೇ ಇದ್ದಾರೆ, ಅಹವಾಲುಗಳನ್ನು ಅವರಿಗೇ ಸಲ್ಲಿಸತಕ್ಕದ್ದು.