ದೊಡ್ಡ ಲೆನ್ಸಿಗೆ ಒಂದು ಬ್ಯಾಗ್

ಫೆಬ್ರವರಿ ಎಂಟು, ಆದಿತ್ಯವಾರ. ಬೆಳಿಗ್ಗೆ ತೆಳು ಮಂಜು, ಒಂಬತ್ತು ಗಂಟೆಗೆಲ್ಲ ಸೆಕೆ.

ಬ್ಯಾಗ್ ಹುಡುಕಿಕೊಂಡು ಹೊರಟವನಿಗೆ ಬ್ಯಾಗ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ ಎಂದು ಈ ಒಂದು ವರ್ಷದಲ್ಲಿ ನನಗೆ ಗೊತ್ತಾಗಿದೆ. ನಾನು ಹಕ್ಕಿಗಳ ಫೋಟೋ ತೆಗೆಯುವವ. ಸರಿಯಾಗಿ ಹೇಳುವುದಾದರೆ, ನನ್ನ ಹೆಂಡತಿ ಕಂಡ ಹಕ್ಕಿಗಳ ಫೋಟೋ ತೆಗೆಯುವವ. ಎಲೆಯ ಮರೆಯಲ್ಲಿ ಕೂತದ್ದು ಮೊದಲು ಕಾಣುವುದು ಅವಳಿಗೇ. ಅವಳು ಬೆರಳು ತೋರಿಸಿದ ಕಡೆಗೆ ನಾನು ಲೆನ್ಸ್ ತಿರುಗಿಸುತ್ತೇನೆ.

ಆ ಲೆನ್ಸ್ ತೂಕದಲ್ಲಿ ಒಂದು ಹಲಸಿನಕಾಯಿಗೆ ಕಡಿಮೆಯಿಲ್ಲ. ಹಿಂದೆ ಅದು ನನ್ನ ಬೆನ್ನಿಗೆ. ಟ್ರೈಪಾಡ್, ನೀರು, ಬುತ್ತಿ ಅವಳ ಬೆನ್ನಿಗೆ. ಅವಳ ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು, ನಿಧಾನವಾಗಿ ಗುಡ್ಡ ಹತ್ತಬಹುದು, ಆದರೆ ಏನನ್ನೂ ಹೊರಬಾರದು ಎಂದರು. ಎಂದರೆ ಇಬ್ಬರ ಹೊರೆ ಒಂದೇ ಬೆನ್ನಿಗೆ ಬರಬೇಕು. ಅಂಥ ಬ್ಯಾಗ್ ಸಿಕ್ಕಿದ ಕೂಡಲೇ ಚಾರ್ಮಾಡಿಯ ಮೇಲಿನ ಗೋಳಿಮರಕ್ಕೆ ಮತ್ತೆ ಹೋಗುವ, ಮಂಗಟ್ಟೆ ಹಕ್ಕಿ ಹಣ್ಣು ತಿನ್ನಲು ಬರುವುದನ್ನು ನೋಡುವ ಎಂದು ನಮ್ಮೊಳಗೆ ಮಾತಾಯಿತು.

ಮಂಜು ಇಲ್ಲದ ದಿನ ನಮ್ಮ ಟೆರೇಸಿನಿಂದ ಘಟ್ಟದ ನೀಲಿ ಗೆರೆ ಕಾಣುತ್ತದೆ. ಬಟ್ಟೆ ಒಣಗಿಸಲು ಹೋದವಳು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾಳೆ.

ಗುಡ್ಡೆಗೆ

ಮೊದಲು ಹೋದದ್ದು ಬಂಟ್ವಾಳ ಪೇಟೆಯ ಒಂದು ಹಳೆಯ ಅಂಗಡಿಗೆ. ಗಲ್ಫಿಗೆ ಹೋಗುವವರ ಸೂಟ್‌ಕೇಸಿನಿಂದ ಹಿಡಿದು ಶಾಲೆ ಮಕ್ಕಳ ಚೀಲದ ವರೆಗೆ ಅಲ್ಲಿ ಎಲ್ಲ ಉಂಟು. ಗಲ್ಲಾಪೆಟ್ಟಿಗೆಯ ಹಿಂದೆ ಹಿರಿಯರೊಬ್ಬರು ಕೂತಿದ್ದರು. ಗುಡ್ಡೆಗೆ ಹೋಗಲಿಕ್ಕೆ ಒಂದು ಬ್ಯಾಗ್ ಬೇಕಿತ್ತು ಎಂದೆ.

ನಮ್ಮ ಕಡೆ, ಮನೆಮನೆಗೆ ಕಕ್ಕಸು ಬರುವ ಮೊದಲು, ಬೆಳಿಗ್ಗೆ ಎದ್ದು ‘ಗುಡ್ಡೆಗೆ ಹೋಗುವುದು’ ಎಂದರೆ ಒಂದೇ ಅರ್ಥವಿತ್ತು. ಹಳಬರಿಗೆ ಈಗಲೂ ಅದೇ. ನನಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. ಮನೆಯಲ್ಲಿ ವ್ಯವಸ್ಥೆ ಇಲ್ಲವಾ ಎಂದು ಮೆಲ್ಲಗೆ ಕೇಳಿದರು. ಉಂಟು, ಆದರೆ ಎಲ್ಲ ಸಣ್ಣದು. ನನ್ನದು, ಹೆಂಡತಿಯದು, ಇಬ್ಬರದ್ದೂ ಒಂದರಲ್ಲೇ ಹಿಡಿಯಬೇಕು, ಹೊತ್ತು ನಡೆಯುವಾಗ ಬೆನ್ನಿಗೆ ಒತ್ತಬಾರದು ಎಂದು ನಾನು ವಿವರಿಸಿದೆ.

ಅವರು ಕನ್ನಡಕವನ್ನು ಮತ್ತೆ ಏರಿಸಿದರು.

“ಅದನ್ನು ಅಲ್ಲೇ ಬಿಟ್ಟು ಬರುವುದಲ್ಲವಾ ಮಾರಾಯ್ರೆ. ಹೊತ್ತುಕೊಂಡು ಬರುವುದು ಯಾಕೆ?”

ಮಿಕ್ಸಿ

ಅಳದಂಗಡಿಯ ಗೆಳೆಯನೊಬ್ಬ ತನ್ನ ದೊಡ್ಡ ಬ್ಯಾಗ್ ಕೊಟ್ಟು, ಹೊತ್ತು ನೋಡು, ಸರಿ ಕಂಡರೆ ಇಂಥದ್ದೇ ತೆಗೆದುಕೋ ಎಂದ. ಲೆನ್ಸ್ ಹಾಕಿ ನೋಡಲು ಧೈರ್ಯ ಬರಲಿಲ್ಲ. ಅವನ ಮನೆಯ ತೆಂಗಿನಕಾಯಿಗಳನ್ನೇ ತುಂಬಿಸಿ ರಸ್ತೆಯಲ್ಲಿ ಆಚೀಚೆ ನಡೆಯುತ್ತಿದ್ದೆ.

ಒಂದು ಗೇಟಿನಲ್ಲಿ ವಯಸ್ಸಾದ ಅಮ್ಮ ಒಬ್ಬರು ಕಾಯುತ್ತಾ ನಿಂತಿದ್ದರು. ನನ್ನ ಬೆನ್ನು ನೋಡಿದವರೇ ಬಂತಾ ಎಂದು ಕೇಳಿದರು. ನಾನು ಪಾರ್ಸೆಲಿನವನಲ್ಲ ಎಂದರೆ ನಂಬಲಿಲ್ಲ. ನಾಲ್ಕು ದಿನದಿಂದ ಇವತ್ತು, ನಾಳೆ ಎನ್ನುತ್ತಿದ್ದೀರಿ, ಬ್ಯಾಗ್ ಬಿಚ್ಚಿ ಎಂದರು. ಬಿಚ್ಚಿದೆ. ಇಣುಕಿ ನೋಡಿದರು. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ವಾಪಸು ಇಟ್ಟರು.

“ನಾನು ಹೇಳಿದ್ದು ಮಿಕ್ಸಿ. ಹೋದ ಸಲವೂ ಹೀಗೆಯೇ ಬೇರೆ ಏನೋ ಕಳಿಸಿದ್ದರು. ತೆಗೆದುಕೊಂಡು ಹೋಗಿ.”

ಮನೆಗೆ ಬಂದು ಹೇಳಿದಾಗ ಹೆಂಡತಿ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬ್ಯಾಗ್ ಹೇಗಿತ್ತು ಎಂದು ಕೇಳಿದಳು. ಹೆಗಲು ಹಿಡಿಯುತ್ತದೆ ಎಂದೆ. ಅವಳು ಕಾಲು ಕೆಳಗಿಳಿಸಿ ಒಳಗೆ ಹೋದಳು.

ಮಜ್ಜಿಗೆ

ಸೊಂಟಕ್ಕೆ ಪಟ್ಟಿ ಇರುವ ಬ್ಯಾಗಾದರೆ ಹೆಗಲಿಗೆ ಭಾರ ಕಡಿಮೆ ಎಂದು ಯಾರೋ ಹೇಳಿದರು. ಅಂಥದ್ದೊಂದನ್ನು ಸಾಲ ತಂದು ಕಳೆದ ವಾರ ಚಾರ್ಮಾಡಿಯ ಏರಿನಲ್ಲೇ ನೋಡುವ ಎಂದು ಬಸ್ಸು ಇಳಿದೆ. ಶಿವರಾತ್ರಿ ಹತ್ತಿರ. ಘಟ್ಟದ ಮೇಲಿನವರು ಧರ್ಮಸ್ಥಳಕ್ಕೆ ನಡೆದು ಇಳಿದು ಬರುವ ಸಮಯ. ದಾರಿ ಬದಿಯ ಚಪ್ಪರದಲ್ಲಿ ಅವರಿಗೆ ಮಜ್ಜಿಗೆ ಕೊಡುತ್ತಿದ್ದರು. ನನ್ನನ್ನೂ ಹಿಡಿದು ಕೂರಿಸಿ, ಬೂಟು ಬಿಚ್ಚಲು ಹೇಳಿ, ಕೈಗೆ ಲೋಟ ಕೊಟ್ಟರು. ಬೇಡ ಎಂದರೆ ಹರಕೆಯವರು ಹಾಗೆ ಹೇಳಬಾರದು ಎಂದರು. ಎಲ್ಲಿಂದ ಹೊರಟದ್ದು ಎಂದು ಕೇಳಿದಾಗ ನಿಜವನ್ನೇ ಹೇಳಿದೆ, ಬಂಟ್ವಾಳದಿಂದ ಎಂದು.

ಮಜ್ಜಿಗೆ ಕೊಟ್ಟವರು ನನ್ನನ್ನೂ ನಾನು ಬಂದ ದಾರಿಯನ್ನೂ ನೋಡಿದರು.

“ಅಣ್ಣ, ದೇವರು ಹಿಂದೆಯೇ ಉಳಿದರಲ್ಲ.”

ಇಬ್ಬರು ಸೇರಿ ನನ್ನನ್ನು ಭಕ್ತಿಯಿಂದ ಧರ್ಮಸ್ಥಳದ ಕಡೆಗೆ ತಿರುಗಿಸಿ ನಿಲ್ಲಿಸಿದರು. ಗೋಳಿಮರದ ಕಡೆಗೆ ಕವಲೊಡೆಯುವ ಕಾಲುದಾರಿ ಅಲ್ಲಿಂದ ಕಾಣುತ್ತಿತ್ತು. ಸ್ವಲ್ಪ ಮುಂದೆ ಹೋಗಿ ಮತ್ತೆ ಹಿಂದಿರುಗಿ ಹತ್ತಬಹುದಿತ್ತು. ಹತ್ತಲಿಲ್ಲ. ಮರ ಹಣ್ಣು ಬಿಟ್ಟಿದೆಯಾ ಎಂದು ಮನೆಯಲ್ಲಿ ಹೆಂಡತಿ ಕೇಳಿದಳು. ನೋಡಲಿಲ್ಲ ಎಂದೆ.

ಹಳೆಯ ಮಾಡೆಲ್

ನಿನ್ನೆ ಮೂಡುಬಿದಿರೆಗೆ ಹೋದೆ. ಹಳೆಯ ಕ್ಯಾಮೆರಾ ಕೊಂಡು ಮಾರುವ ಅಂಗಡಿಯೊಂದು ಅಲ್ಲಿ ಉಂಟು. ಈ ಸಲ ಗಟ್ಟಿ ಮನಸ್ಸು ಮಾಡಿ ನಿಜವಾದ ಸಾಮಾನನ್ನೇ ಒಯ್ದಿದ್ದೆ.

ಅವರು ತೋರಿಸಿದ ಬ್ಯಾಗಿಗೆ ಕುಂದು ಹೇಳುವಂತಿರಲಿಲ್ಲ. ಬೆನ್ನಿಗೆ ಗಾಳಿ, ಸೊಂಟಕ್ಕೆ ಮೆತ್ತನೆಯ ಪಟ್ಟಿ, ಪ್ರತಿಯೊಂದಕ್ಕೂ ಅದರದರ ಗೂಡು. ಲೆನ್ಸ್, ಕ್ಯಾಮೆರಾ, ಟ್ರೈಪಾಡ್, ಇಬ್ಬರ ಲೆಕ್ಕದ ನೀರು, ಎಲ್ಲ ಹಿಡಿಯಿತು. ಸ್ಟೂಲಿನ ಮೇಲೆ ಕೂತು ಹೆಗಲಿಗೆ ಏರಿಸಿದೆ. ಏಳಲಾಗಲಿಲ್ಲ. ಅಂಗಡಿಯವರು ಕೈಕೊಟ್ಟು ಎಳೆದರು. ನಾನು ಏಳುವ ಬದಲು ಅವರೇ ನನ್ನ ಮೇಲೆ ಬಿದ್ದರು. ನೀರು ತೆಗೆದು ನೋಡಿದೆವು. ಟ್ರೈಪಾಡ್ ತೆಗೆದು ನೋಡಿದೆವು. ಎದ್ದು ನಿಂತದ್ದು ಲೆನ್ಸ್ ಹೊರಗೆ ಬಂದ ಮೇಲೆಯೇ.

ಬ್ಯಾಗಿನಲ್ಲಿ ಏನಾದರೂ ದೋಷ ಇರಬಹುದಾ ಎಂದು ಕೇಳಿದೆ.

“ಬ್ಯಾಗ್ ಸರಿ ಉಂಟು ಸರ್. ಬೆನ್ನು ಹಳೆಯ ಮಾಡೆಲ್.”

ಲೆನ್ಸನ್ನು ಒಮ್ಮೆ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಅವರೊಡನೆ ಮಾತಾಡಿ, ಬ್ಯಾಗ್ ತೆಗೆದುಕೊಂಡು ಸಂಜೆಯ ಬಸ್ಸಿಗೆ ಬಂದೆ.

ಎಷ್ಟು ಕೊಟ್ಟಿರಿ

ಇವತ್ತು ಬೆಳಿಗ್ಗೆ ಅವಳು ಬ್ಯಾಗನ್ನು ಮೇಜಿನ ಮೇಲೆ ಇಟ್ಟು ಒಂದೊಂದೇ ಜಿಪ್ ಎಳೆದು ನೋಡಿದಳು. ಎಷ್ಟು ಕೊಟ್ಟಿರಿ ಎಂದು ಕೇಳಿದಳು. ನಮ್ಮ ಊರಲ್ಲಿ ಹೊಸ ವಸ್ತುವನ್ನು ಮಾತಾಡಿಸುವುದೇ ಹಾಗೆ. ಹೆಚ್ಚೇನಿಲ್ಲ ಎಂದೆ. ಎರಡು ಸಾವಿರವಾ ಎಂದಳು, ಬ್ಯಾಗಿನ ಪಟ್ಟಿ ಸರಿಮಾಡಿದೆ. ಐದಾ ಎಂದಳು, ಕಿಟಕಿ ನೋಡಿದೆ.

ಒಳಗಿನ ಗೂಡಿನಿಂದ ಒಂದು ಬೈನಾಕ್ಯುಲರ್ ಬಂತು. ಇನ್ನೊಂದು ಗೂಡಿನಿಂದ ಮತ್ತೊಂದು. ಇದೆರಡೂ ಬ್ಯಾಗಿನ ಜೊತೆಗೇ ಬರುತ್ತದಾ ಎಂದಳು. ಬರುತ್ತದೆ ಎಂದೆ. ಎರಡು ಯಾಕೆ ಎಂದದ್ದಕ್ಕೆ, ಒಂದು ನಿನಗೆ, ಒಂದು ನನಗೆ ಎಂದೆ. ಅವಳು ನನ್ನ ಮುಖವನ್ನು ಎಲೆಯ ಮರೆಯ ಹಕ್ಕಿಯನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಬ್ಯಾಗಿಗೆ ಬುತ್ತಿ ಇಟ್ಟಳು, ನೀರು ಇಟ್ಟಳು. ಮೊಣಕಾಲಿನ ಪಟ್ಟಿಯನ್ನೂ ಇಟ್ಟಳು. ಕೊನೆಗೆ ಮಧ್ಯದ ದೊಡ್ಡ ಗೂಡಿಗೆ ಕೈ ಹಾಕಿ ಅಳೆದಳು.

“ಇಲ್ಲಿ ಜಾಗ ಉಂಟು. ಆ ದೊಡ್ಡ ಲೆನ್ಸ್ ತನ್ನಿ, ಹಿಡಿಯುತ್ತದಾ ನೋಡುವ.”

“ಅದು ಬೇಡ.”

“ಬೇಡ ಅಂದರೆ? ಅದಕ್ಕೇ ಅಲ್ಲವಾ ಈ ಬ್ಯಾಗ್?”

“ಹೌದು. ಇದಕ್ಕೆ ಅದನ್ನೇ ಕೊಟ್ಟದ್ದು.”